ಸಂಬಳದ ದಿನ ಕೆಟ್ಟ ಓವನ್

ಬೇಕರಿಯ ಓವನ್ ಕೈಕೊಟ್ಟಿದ್ದು ಸರಿಯಾಗಿ ಸಂಬಳದ ದಿನವೇ. ರಿಪೇರಿಯವನು ಅದರ ಹೊಟ್ಟೆಯೊಳಗೆ ತಲೆ ತೂರಿಸಿ, ಮುಖವೆಲ್ಲ ಮಸಿ ಮಾಡಿಕೊಂಡು ಹೊರಬಂದ. "ಬರ್ನರ್ ಹೋಗಿದೆ. ಹೊಸದೇ ಹಾಕಬೇಕು ಮೇಡಂ. ದುಡ್ಡು ಮೊದಲೇ ಕೊಡಬೇಕು."

ಒಡತಿ ಲೆಕ್ಕ ಹಾಕಿದಳು. ಸಂಬಳದ ದುಡ್ಡು ಮುಟ್ಟುವ ಹಾಗಿಲ್ಲ. ಅದು ಬಿಟ್ಟರೆ ಕೈಯಲ್ಲಿದ್ದದ್ದು ಕೆಲಸಗಾರರ ನಿವೃತ್ತಿ ನಿಧಿಗೆ ಕಟ್ಟಬೇಕಾದ ಪಾಲು. ಸಂಬಳ ಕೊಟ್ಟ ದಿನವೇ ಮಾಲೀಕರು ಅದನ್ನೂ ಕಟ್ಟಬೇಕು, ಕಾನೂನು ಹಾಗಿದೆ. ಕಟ್ಟಿದರೆ ಓವನ್ ಇಲ್ಲ. ಓವನ್ ಇಲ್ಲದಿದ್ದರೆ ನಾಳೆ ಆಸ್ಪತ್ರೆಗೆ ಬ್ರೆಡ್ ಹೋಗುವುದಿಲ್ಲ. ಆ ಆರ್ಡರ್ ಕೈತಪ್ಪಿದರೆ ಅಂಗಡಿಯ ಕತೆ ಮುಗಿದ ಹಾಗೆ.

ಒಳಗೆ ಗುಸುಗುಸು ನಡೆದಿತ್ತು. ಸ್ವಲ್ಪ ಹೊತ್ತಿಗೆ ಮೂವರೂ ಕೆಲಸಗಾರರು ಬಂದು ನಿಂತರು. ಹಿಟ್ಟು ನಾದುವವನನ್ನು ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು. ಅವನೇ ಗಂಟಲು ಸರಿಮಾಡಿಕೊಂಡ.

"ತಾಯಿ, ಈ ಸಲ ನಮ್ಮ ನಿಧಿ ದುಡ್ಡು ಕಟ್ಟಬೇಡಿ. ಓವನ್‌ಗೆ ಹಾಕಿ. ನಾವೇನು ಯಾರಿಗೂ ಹೇಳೋಕೆ ಹೋಗಲ್ಲ."

"ಹೂಂ ಅಕ್ಕ, ನಾನು ಮುದುಕಿ ಆಗೋಕೆ ಇನ್ನೂ ಬೇಕಾದಷ್ಟು ಟೈಮಿದೆ," ಎಂದಳು ಪ್ಯಾಕಿಂಗ್‌ನವಳು.

"ಆಗಲೇ ಅರ್ಧ ಆಗಿದ್ದೀಯ," ಎಂದು ಕೇಕ್ ಮಾಡುವವನು ಕಿಚಾಯಿಸಿದ.

ಒಡತಿಗೆ ಕಣ್ಣು ತುಂಬಿ ಬಂತು. ಇಂಥ ಜನ ಯಾರಿಗೆ ಸಿಗುತ್ತಾರೆ! ಆಯ್ತು ಎನ್ನುವ ಮಾತು ನಾಲಿಗೆ ತುದಿಯಲ್ಲೇ ಇತ್ತು.

"ನಾವೂ ಹಿಂಗೇ ಹೇಳಿದ್ವಿ," ಎಂದಳು ಮೂಲೆಯಲ್ಲಿ ಕಾಗದದ ಚೀಲ ಮಡಚುತ್ತಿದ್ದ ಒಡತಿಯ ತಾಯಿ.

ಬಟ್ಟೆ ಕಾರ್ಖಾನೆಯಲ್ಲಿ ಹೊಲಿದು ಹೊಲಿದು ಬೆನ್ನು ಬಾಗಿಸಿಕೊಂಡವಳು. ಕೊನೆಗೆ ಅಲ್ಲಿಂದ ಬಿಡಿಗಾಸೂ ಬರಲಿಲ್ಲ. ಅಲ್ಲಿನ ಮಾಲೀಕ ನುಂಗಿ ನೀರು ಕುಡಿದ ಎಂದೇ ಮಗಳು ತಿಳಿದಿದ್ದಳು.

"ಅವನು ಕಳ್ಳ ಅಲ್ವೇನಮ್ಮ?"

"ಕಳ್ಳ ಯಾಕಾಗ್ತಾನೆ? ಒಳ್ಳೇ ಮನುಷ್ಯ. ಮೋಟರ್ ಸುಟ್ಟುಹೋಗಿತ್ತು. ನಾವೇ ಹೋಗಿ, ಅಣ್ಣಾ, ಈ ಸಲ ನಮ್ಮದು ಕಟ್ಟಬೇಡಿ ಅಂದ್ವಿ. ಪಾಪ, ಅತ್ತೇಬಿಟ್ಟ. ಮುಂದಿನ ಸಲ ಬಾಡಿಗೆ ಬಂತು, ಆಮೇಲೆ ಇನ್ನೇನೋ. ಕೊನೇವರೆಗೂ ತುಂಬೋಕೆ ಆಗಲೇ ಇಲ್ಲ. ಈಗಲೂ ಬೈಯೋಕೆ ಬಾಯಿ ಬರಲ್ಲ ಕಣೇ." ಚೀಲದ ಅಂಚನ್ನು ಉಗುರಿನಿಂದ ತೀಡಿದಳು. "ಈ ವಯಸ್ಸಲ್ಲೂ ಚೀಲ ಮಾತ್ರ ಮಡಚ್ತಾ ಇದೀನಿ."

ಒಡತಿ ಫೋನ್ ತೆಗೆದಳು. ಸಂಬಳ ಕಳಿಸಿದಳು, ಅದರ ಬೆನ್ನಿಗೇ ನಿಧಿಯನ್ನೂ ಕಟ್ಟಿದಳು. "ನಿಮ್ಮ ಮನಸ್ಸು ನನಗೆ ಸಾಕು ಮಾವ. ದುಡ್ಡು ನಿಮ್ಮದೇ."

"ಹಂಗಾದ್ರೆ ನಾಳೆ ಬ್ರೆಡ್?"

"ಅದೇ ಗೊತ್ತಾಗ್ತಿಲ್ಲ."

ಮಾವ ತಲೆ ಕೆರೆದುಕೊಂಡ, ಕೂದಲಿಗೂ ಹಿಟ್ಟಾಯಿತು. "ಹಿಂದಿನ ಬೀದಿ ಹಾಸ್ಟೆಲ್‌ನಲ್ಲಿ ದೊಡ್ಡ ಓವನ್ ಇದೆ. ಅಲ್ಲಿನ ಅಡುಗೆಯವನು ನನ್ನ ಷಡ್ಡಕ. ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು."

"ಮತ್ತೆ ಹೆಂಗೆ?"

"ಹೆಂಗೇನು ತಾಯಿ, ನಾನೇ ಹೋಗಿ ಮಾತಾಡೋದು."

ಹಿಟ್ಟಿನ ಟ್ರೇಗಳನ್ನು ತಳ್ಳುಗಾಡಿಗೆ ಏರಿಸಿ ಎಲ್ಲರೂ ಹೊರಟರು. ಷಡ್ಡಕ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ. "ಬಂದ್ಯಾ? ಹಿಟ್ಟು ಹೊತ್ಕೊಂಡಾದ್ರೂ ಬಂದ್ಯಲ್ಲ!" ಎಂದವನೇ ಎರಡೂ ಬಾಗಿಲು ತೆರೆದ. ಬರ್ನರ್ ಕೊಳ್ಳುವಷ್ಟು ದುಡ್ಡು ಕೂಡುವ ತನಕ ಅಲ್ಲೇ ಬ್ರೆಡ್ ಬೇಯಿಸಿಕೊಳ್ಳಲು ವಾರ್ಡನ್ನೂ ಒಪ್ಪಿದರು.

ಸಂಜೆ ಬಿಸಿ ಬ್ರೆಡ್ ಅಂಗಡಿಗೆ ಬಂದಾಗ ಪ್ಯಾಕಿಂಗ್‌ನವಳು ಸ್ಟೂಲ್ ಎಳೆದುಕೊಂಡು ಒಡತಿಯ ತಾಯಿಯ ಪಕ್ಕ ಕೂತಳು.

"ಅಮ್ಮಾ, ನಿಮ್ಮಿಂದ ಬದುಕಿಕೊಂಡೆ. ಮುದುಕಿ ಆದ್ಮೇಲೆ ನಾನು ಚೀಲ ಮಡಚಲ್ಲ."

"ಮಡಚಬೇಡ. ಕೂತ್ಕೊಂಡು ತಿನ್ನು," ಎಂದಳು ತಾಯಿ, ಬ್ರೆಡ್ಡಿನ ಗರಿಗರಿ ತುದಿ ಮುರಿದು ಅವಳ ಕೈಗಿಟ್ಟು.