ಏಕಪಕ್ಷೀಯ ಘೋಷಣೆ

"ಮೇಡಂ, ಎದುರಿನವ್ರು ಒಪ್ಕೊಂಡಿಲ್ಲ, ಸಹಿ ಹಾಕಿಲ್ಲ. ಆದ್ರೂ ಆ ದೇಶ ಆ ಮಾತಿಗೆ ಕಟ್ಟುಬೀಳ್ಬೇಕಾ?" ಎಂದು ರಂಜಿತ ಕೇಳಿದಳು.

ಕೋಲಾರದ ಕಾನೂನು ಕಾಲೇಜಿನಲ್ಲಿ ಅಂದಿನ ಕೊನೆಯ ಪೀರಿಯಡ್ಡು. ಬೀಳಲೇಬೇಕು ಎಂದಳು ವಾಣಿಶ್ರೀ. ಇನ್ನು ಬಯಲಲ್ಲಿ ಅಣುಬಾಂಬು ಪರೀಕ್ಷಿಸುವುದಿಲ್ಲವೆಂದು ಒಂದು ದೇಶ ಲೋಕವೆಲ್ಲ ಕೇಳುವಂತೆ, ಮನಸಾರೆ ಹೇಳಿದರೆ ಮುಗಿಯಿತು. ಅದನ್ನು ನಂಬಿ ಉಳಿದವರು ನಡೆದುಕೊಳ್ಳುತ್ತಾರಲ್ಲ. ಹಾಗಾದರೆ ವಾಪಸ್ಸು ತೆಗೆದುಕೊಳ್ಳುವ ಹಾಗೇ ಇಲ್ಲವೇ ಎಂದು ಹುಡುಗಿ ಬಿಡಲಿಲ್ಲ. ಮನಸ್ಸಿಗೆ ಬಂದಂತೆ ಆಗುವುದಿಲ್ಲ, ಬಾಯಿಬಿಟ್ಟು ಕೇಳಿಕೊಂಡರೆ ದಾರಿ ಇದ್ದೇ ಇರುತ್ತದೆ ಎಂದಳು ವಾಣಿಶ್ರೀ. ಆ ಎರಡನೆಯ ಮಾತು ಪುಸ್ತಕದಲ್ಲಿರಲಿಲ್ಲ.

ಎರಡು ವರ್ಷದ ಹಿಂದೆ ತಾಯಿ ಮುತ್ಯಾಲಮ್ಮ ತೀರಿಕೊಂಡಾಗ ಅವಳು ಪೇಪರ್ ತಿದ್ದಲು ಹುಬ್ಬಳ್ಳಿಗೆ ಹೋಗಿದ್ದಳು. ತವರೂರು ಕ್ಯಾಲನೂರಿಗೆ ಬಂದು ಸೇರುವಷ್ಟರಲ್ಲಿ ತಮ್ಮ ಗಂಗಾಧರ ಅವಳಿಗೆ ಕಾಯದೆ ಮಣ್ಣು ಮಾಡಿ ಮುಗಿಸಿದ್ದ. ಅಂಗಳದಲ್ಲಿ ಊರವರೆಲ್ಲ ಇದ್ದಾಗಲೇ, "ಇನ್ಮೇಲೆ ಈ ಮನೇಲಿ ಒಂದ್ ಲೋಟ ನೀರೂ ಮುಟ್ಟಲ್ಲ" ಎಂದುಬಿಟ್ಟಳು. ಅಲ್ಲಿಂದೀಚೆಗೆ ಕೋಲಾರದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಂಡು, ಒಬ್ಬಳೇ ಟಿವಿಗೆ ಬಯ್ದು ಸಾಕಾಗಿತ್ತು. ಜಂಬಕ್ಕೆ ಎರಡು ವರ್ಷ ಜಾಸ್ತಿಯೇ ಆಯಿತು.

ಅವತ್ತು ಸಂಜೆ ಅವಳು ಕ್ಯಾಲನೂರಿನ ಬಸ್ಸು ಹತ್ತಿದಳು. ಹೋದ ಕೂಡಲೇ ನೀರು ಕೊಡುತ್ತಾರೆ, ಕುಡಿದುಬಿಡುವುದು. ಕ್ಷಮೆ ಗಿಮೆ ಎಲ್ಲ ಅದರಲ್ಲೇ ಬಂತು ಎಂದುಕೊಂಡಳು.

ಡೇರಿಗೆ ಹಾಲು ಹಾಕಿ ಬಂದಿದ್ದ ಗಂಗಾಧರ ಕ್ಯಾನನ್ನು ಅಲ್ಲೇ ಬಿಟ್ಟು ಓಡಿಬಂದ. ಚಾಪೆ ಹಾಸಿದ, ಫ್ಯಾನು ಹಾಕಿದ. ಅವನ ಹೆಂಡತಿ ಅನಿತ ಅಭ್ಯಾಸಬಲದಿಂದ ನೀರಿನ ಚೊಂಬು ಹಿಡಿದು ಬಂದವಳು, ಗಂಡ ಕಣ್ಸನ್ನೆ ಮಾಡಿದ್ದೇ ತಡ, ನಾಲಿಗೆ ಕಚ್ಚಿಕೊಂಡು ಒಳಗೆ ಹೋದಳು. ಅರ್ಧ ಚಾಚಿದ್ದ ಕೈಯಿಂದ ವಾಣಿಶ್ರೀ ಸೆರಗು ಸರಿಮಾಡಿಕೊಂಡಳು. ಕೊಡು ಎನ್ನಬೇಕು, ಅಷ್ಟೆ. ಬಾಯಿ ಬರಲಿಲ್ಲ. ತರಗತಿಯಲ್ಲಿ ಎಷ್ಟು ಸಲೀಸಾಗಿತ್ತು!

ಗಂಗಾಧರ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಐದೇ ನಿಮಿಷದಲ್ಲಿ ನೀರಿನ ಬಾಟ್ಲಿ ತಂದು, ಮುಚ್ಚಳ ಬಿಚ್ಚದೆ ಕೈಗಿಟ್ಟ.

"ಕುಡಿಯಕ್ಕ. ನಮ್ಮನೇದಲ್ಲ, ಅಂಗ್ಡೀದು. ನಿನ್ ಮಾತು ಕೆಡ್ಸಲ್ಲ ನಾವು."

ಅವನ ಮುಖದಲ್ಲಿ ಕುಹಕದ ಸುಳಿವೂ ಇರಲಿಲ್ಲ. ಬರೀ ಅಕ್ಕರೆ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಮುಚ್ಚಳ ತಿರುವಿ, ಕತ್ತೆತ್ತಿ, ಉಸಿರು ಬಿಡದೆ ಕುಡಿದಳು. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಬಾಟ್ಲಿ ಖಾಲಿಯಾಗುವುದನ್ನೇ ನೋಡುತ್ತಿದ್ದ.

"ಸಾಕಾ ಅಕ್ಕ? ಇನ್ನೊಂದ್ ತರ್ಲಾ?" ಎಂದ.