ಎಂಜಿನ್ ಇಳಿಸಿದ ದೋಣಿ

ನಮ್ಮ ಕಡೆ ಹೊಳೆ ತುಂಬ ಅಗಲ. ಈಚೆ ದಡದಲ್ಲಿ ನಿಂತರೆ ಆಚೆ ದಡದ ಮರಗಳು ಪೆನ್ಸಿಲ್ಲಿನಲ್ಲಿ ಎಳೆದ ಗೆರೆಯ ಹಾಗೆ ಕಾಣುತ್ತವೆ. ಮನೆಗಳಿರುವುದು ಈಚೆ. ಶಾಲೆ, ಆಸ್ಪತ್ರೆ, ನಾನು ಕೆಲಸ ಮಾಡುವ ಹೊಲಿಗೆ ಅಂಗಡಿ ಎಲ್ಲ ಆಚೆ. ನಡುವೆ ಓಡಾಡುವುದು ನಮ್ಮಣ್ಣನ ದೋಣಿ. ಮೂವತ್ತು ಜನ ಕೂರುವ ಮರದ ದೋಣಿ, ಹಿಂಬದಿಗೆ ಡೀಸೆಲ್ ಎಂಜಿನ್. ಅಣ್ಣನನ್ನು ಎಲ್ಲರೂ ಕ್ಯಾಪ್ಟನ್ ಅಂತಲೇ ಕರೆಯೋದು. ಟಿಕೆಟ್ ಹರಿಯುವವಳು ಅತ್ತಿಗೆ.

ಆ ಎಂಜಿನ್ ಶುರುವಾಯಿತು ಅಂದರೆ ಹಲಗೆ, ಬೆಂಚು, ನಮ್ಮ ಹಲ್ಲು ಎಲ್ಲ ಒಟ್ಟಿಗೇ ನಡುಗುತ್ತಿದ್ದವು. ಪಕ್ಕದವರ ಹತ್ತಿರ ಗುಟ್ಟು ಹೇಳುವ ಹಾಗೇ ಇರಲಿಲ್ಲ. "ನಿಮ್ಮತ್ತೆ ಈಗ ಹೇಗೆ?" ಅಂತ ಕೇಳಿದರೆ ಇಡೀ ದೋಣಿಗೆ ಕೇಳಬೇಕು, ಯಾಕೆಂದರೆ ಕಿರುಚಿಯೇ ಕೇಳಬೇಕು. ಹೊಗೆ ತಿರುಗಿ ನಮ್ಮ ಮುಖಕ್ಕೇ ಬರುತ್ತಿತ್ತು. ನಾನು ಮನೆಯಲ್ಲಿ ಹೊಲಿದು ಅಂಗಡಿಗೆ ಒಯ್ಯುವ ಬಿಳಿ ಬಟ್ಟೆಯನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೂ ಮಸಿ ಹೇಗೋ ಒಳಗೆ ನುಸುಳುತ್ತಿತ್ತು. ಎಂಜಿನ್ ಪಕ್ಕದಲ್ಲೇ ಇಪ್ಪತ್ತೆರಡು ವರ್ಷ ಕೂತು ಅಣ್ಣನ ಕಿವಿ ಮಂದವಾಗಿತ್ತು, ದೋಣಿ ನಡೆಸುವಷ್ಟು ಹೊತ್ತೂ ಕೈ ಅದರ ಜೊತೆ ನಡುಗುತ್ತಿತ್ತು. ಮನೆಯಲ್ಲಿ ನೀರು ಕೇಳಿದರೂ ಜಗಳಕ್ಕೆ ಬಂದವನ ಹಾಗೆ ಕೇಳುತ್ತಿದ್ದ.

ಈಚೆ ದಡದಲ್ಲಿ ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಒಂದು ಅಂಗಡಿ ಇದೆ. ನಡೆಸುವವಳನ್ನು ವೈಂಡಿಂಗ್ ಅಕ್ಕ ಅಂತೀವಿ. ಸೂರ್ಯನ ಬಿಸಿಲಿನಿಂದ ಕರೆಂಟು ಮಾಡುವುದರ ಬಗ್ಗೆ ಆರು ತಿಂಗಳು ತರಬೇತಿ ಮುಗಿಸಿ ಬಂದವಳು. ಒಂದು ಬೆಳಿಗ್ಗೆ ದೋಣಿಕಟ್ಟೆಗೆ ಬಂದು ಅಣ್ಣನ ಎದುರೇ ಕೂತಳು.

"ಕ್ಯಾಪ್ಟನ್, ಈ ಎಂಜಿನ್ ಇಳಿಸಿಬಿಡೋಣ. ಮೋಟರು, ಬ್ಯಾಟರಿ ಹಾಕೋಣ. ದೋಣಿ ಚಾವಣಿ ಮೇಲೆ, ಟಿಕೆಟ್ ಶೆಡ್ಡಿನ ಮೇಲೆ ಸೋಲಾರ್ ಹಲಗೆ."

"ಏನು?"

"ಮೋಟರು!" ಅಂತ ಕೂಗಿದಳು.

ಅಣ್ಣ ನಕ್ಕುಬಿಟ್ಟ. "ಅಲ್ಲಮ್ಮ, ಇದೇನು ಆಟದ ಸಾಮಾನಾ? ಮೂವತ್ತು ಜನರ ಜೀವ ಇದೆ ಇದರಲ್ಲಿ. ಮೋಡ ಬಂದ್ರೆ ನಡುಹೊಳೇಲಿ ಕೂತು ಏನು ಮಾಡಲಿ, ಬಿಸಿಲಿಗೆ ಕೈ ಮುಗೀಲಾ?"

"ಬಿಸಿಲಿಲ್ಲದ ದಿನ ಲೈನ್ ಕರೆಂಟಿಂದ ಚಾರ್ಜ್ ಮಾಡೋದು. ಬ್ಯಾಟರಿ ಒಂದ್ಸಲ ತುಂಬಿದ್ರೆ ಆರು ಸಲ ಹೋಗಿ ಬರಬಹುದು."

"ನೀನು ತಂತಿ ಸುತ್ತು, ನಾನು ದೋಣಿ ನಡೆಸ್ತೀನಿ," ಅಂದ ಅಣ್ಣ. ಎಂಜಿನ್ ಶುರು ಮಾಡಿದ. ಮಾತು ಅಲ್ಲಿಗೆ ಮುಗಿಯಿತು.

ಮುಗಿಯುತ್ತಿತ್ತೇನೋ. ಆದರೆ ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮಂಜು ಬಿತ್ತು.

ಅಂಥ ಮಂಜನ್ನು ನಾನು ಆಮೇಲೆ ನೋಡಿಲ್ಲ. ಹೊಳೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ತಿಳಿಯುತ್ತಿರಲಿಲ್ಲ. ಹತ್ತಿ ರಾಶಿಯೊಳಗೆ ದೋಣಿ ತೂರಿಕೊಂಡು ಹೋದ ಹಾಗಿತ್ತು. ಅಣ್ಣ ಅಂದಾಜಿನ ಮೇಲೆ ನಿಧಾನಕ್ಕೆ ಬಿಡುತ್ತಿದ್ದ. ಅದೇ ದಾರಿಯಲ್ಲಿ ಮೀನು ಹಿಡಿಯುವ ಬಲೆಯಣ್ಣ ತನ್ನ ಪುಟ್ಟ ದೋಣಿಯಲ್ಲಿ ಬಲೆ ಎಳೆಯುತ್ತಿದ್ದ. ನಮ್ಮ ಸದ್ದು ಅವನಿಗೆ ಕೇಳಿತು. ಆದರೆ ಮಂಜಿನಲ್ಲಿ ಅದು ಯಾವ ಕಡೆಯಿಂದ ಅಂತ ಗೊತ್ತಾಗಲಿಲ್ಲ. ಕೂಗಿದ. ಮತ್ತೆ ಕೂಗಿದ. ಕೊನೆಗೆ ತಪ್ಪಲೆ ಬಡಿದನಂತೆ. ನಮ್ಮ ದೋಣಿಯಲ್ಲಿ ಒಬ್ಬರಿಗೂ ಏನೂ ಕೇಳಲಿಲ್ಲ.

ಧಡ್ ಅಂತ ಒಂದು ಪೆಟ್ಟು. ಮುಂದೆ ಕೂತಿದ್ದ ಅತ್ತಿಗೆ ಚೀರಿದಳು. ಅಣ್ಣ ಎಂಜಿನ್ ನಿಲ್ಲಿಸಿದ. ಆಗ ಮಾತ್ರ, ಬಿಳಿ ಗೋಡೆಯ ಆಚೆಯಿಂದ, ಮನುಷ್ಯನ ದನಿ ಬಂತು. "ಇಲ್ಲಿ... ಇಲ್ಲಿದ್ದೀನಿ!"

ಹಗ್ಗ ಎಸೆದು ಎಳೆದುಕೊಂಡೆವು. ಬಲೆಯಣ್ಣ ಬದುಕಿದ. ಭುಜದ ಮೂಳೆಗೆ ಪೆಟ್ಟಾಗಿತ್ತು. ಅವನ ದೋಣಿ ಎರಡು ಹೋಳಾಗಿತ್ತು. ನೀರು ಸುರಿಯುತ್ತಾ ನಮ್ಮ ಹಲಗೆಯ ಮೇಲೆ ಕೂತವನು ಅಣ್ಣನನ್ನು ಬೈಯಲಿಲ್ಲ. "ಅಷ್ಟು ಕೂಗಿದೆ ಕ್ಯಾಪ್ಟನ್, ಕೇಳಲಿಲ್ವಾ?" ಅಂದ. ಅಷ್ಟೇ. ಬೈದಿದ್ದರೆ ಅಣ್ಣ ತಡೆದುಕೊಳ್ಳುತ್ತಿದ್ದ.

ಮೂರು ದಿನ ದೋಣಿ ಹೊರಡಲಿಲ್ಲ. ಅಣ್ಣ ಜಗಲಿಯ ಮೇಲೆ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ನಾಲ್ಕನೆಯ ದಿನ ಚಪ್ಪಲಿ ಮೆಟ್ಟಿ ನೇರ ವೈಂಡಿಂಗ್ ಅಕ್ಕನ ಅಂಗಡಿಗೆ ಹೋದ. ಅತ್ತಿಗೆ, ನಾನು ಹಿಂದೆಯೇ ಹೋದೆವು.

"ನಿನ್ನ ಮೋಟರು ಸದ್ದು ಮಾಡುತ್ತಾ?" ಅಂತ ಕೇಳಿದ.

"ಹೊಲಿಗೆ ಮಿಷನ್ನಿನಷ್ಟೂ ಇಲ್ಲ."

"ಹಾಗಾದ್ರೆ ಹೇಳು. ಮೊದಲಿಂದ ಹೇಳು."

ಅಕ್ಕ ಹೇಳಿದಳು. ಹೊಸ ದೋಣಿ ಬೇಡ, ಇದೇ ದೋಣಿ ಗಟ್ಟಿಯಾಗಿದೆ. ಮೋಟರು, ಬ್ಯಾಟರಿ, ಸೋಲಾರ್ ಹಲಗೆಗೆ ಮೊದಲಿಗೆ ದೊಡ್ಡ ಮೊತ್ತ ಬೇಕು. ಆಮೇಲೆ ದಿನಾ ಡೀಸೆಲ್ ಕ್ಯಾನು ಹೊರುವುದು ತಪ್ಪುತ್ತದೆ. ಬ್ಯಾಟರಿ ಎಂಟು ಹತ್ತು ವರ್ಷಕ್ಕೆ ಸವೆಯುತ್ತದೆ, ಅದಕ್ಕೆ ಈಗಿನಿಂದಲೇ ಸ್ವಲ್ಪ ಸ್ವಲ್ಪ ಎತ್ತಿಡಬೇಕು. ಯಾವುದನ್ನೂ ಮುಚ್ಚಿಡಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಳು.

ಸಹಕಾರ ಸಂಘ ಅರ್ಧ ಸಾಲ ಕೊಡಲು ಒಪ್ಪಿತು. ಇನ್ನರ್ಧ? ಅತ್ತಿಗೆ ಒಂದು ಭಾನುವಾರ ದೋಣಿಯಲ್ಲೇ ಸಭೆ ಕರೆದಳು. ದಿನಾ ದಾಟುವವರೆಲ್ಲ ಬಂದು ತಮ್ಮ ತಮ್ಮ ಮಾಮೂಲಿ ಜಾಗದಲ್ಲೇ ಕೂತರು.

"ಒಬ್ಬೊಬ್ಬರು ಕೈಲಾದಷ್ಟು ಪಾಲು ಹಾಕಿ. ದೋಣಿ ನಮ್ಮೆಲ್ಲರದಾಗುತ್ತೆ. ಲಾಭ ಬಂದ ವರ್ಷ ಪಾಲು ಹಂಚ್ತೀವಿ. ಬರದ ವರ್ಷ ಬರಲಿಲ್ಲ ಅಂತ ಇಲ್ಲೇ ಕೂತು ಹೇಳ್ತೀವಿ," ಅಂದಳು.

ಶಾಲೆಯ ಗುಮಾಸ್ತರು ಕನ್ನಡಕ ಒರೆಸಿಕೊಂಡರು. "ಇದು ದುಡ್ಡನ್ನ ನೀರಿಗೆ ಹಾಕಿದ ಹಾಗಲ್ವೇನಮ್ಮ?"

"ನೀರಿಗೇ ಸಾರ್, ಸುಳ್ಳು ಹೇಳಲ್ಲ. ಆದ್ರೆ ತೇಲೋ ಹಾಗೆ ಹಾಕ್ತೀವಿ."

ಎಲ್ಲರೂ ನಕ್ಕರು. ನಕ್ಕ ಮೇಲೆ ಜನ ಸ್ವಲ್ಪ ಸಡಿಲವಾಗುತ್ತಾರೆ. ವೈಂಡಿಂಗ್ ಅಕ್ಕ ಎದ್ದು, "ಮಕ್ಕಳ ಫೀಸಿಗೆ, ಔಷಧಿಗೆ ಅಂತ ಇಟ್ಟಿರೋದನ್ನ ತರಬೇಡಿ. ಇಲ್ಲದಿದ್ರೂ ನಡೆಯುತ್ತೆ ಅನ್ನಿಸೋ ದುಡ್ಡು ಮಾತ್ರ ಹಾಕಿ," ಅಂದಳು. ಆ ಮಾತಿಗೇ ನಂಬಿಕೆ ಬಂತು ಅಂತ ನನ್ನ ಲೆಕ್ಕ. ಭುಜಕ್ಕೆ ಕಟ್ಟು ಹಾಕಿಕೊಂಡಿದ್ದ ಬಲೆಯಣ್ಣ ಎಲ್ಲರಿಗಿಂತ ಮೊದಲು ಒಂದು ಪಾಲು ಬರೆಸಿದ. ಅಣ್ಣ ಬೇಡ ಅಂದ. "ನಿನ್ನ ದೋಣಿ ಮೊದಲು ಮಾಡಿಸಿಕೊಡ್ತೀನಿ, ಆಮೇಲೆ ಇದು." ಹಾಗೇ ಮಾಡಿದ ಕೂಡ. ಪಾಲು ಸೇರಿ ಸೇರಿ ಇನ್ನರ್ಧವೂ ತುಂಬಿತು, ಅದರಲ್ಲಿ ನನ್ನದೂ ಒಂದು ಪಾಲು.

ಎಂಜಿನ್ ಇಳಿಸಿದ ದಿನ ದೋಣಿ ಹಗುರಾಗಿ ಮೇಲೆದ್ದಿತು. ಮೋಟರು ಕೂರಿಸಿ, ಬ್ಯಾಟರಿಗಳನ್ನು ಮುಂದಿನ ಬೆಂಚುಗಳ ಕೆಳಗೆ ಜೋಡಿಸಿದರು. ಪರೀಕ್ಷೆಗೆ ನೀರಿಗಿಳಿಸಿದರೆ ದೋಣಿ ಮುಂದೆ ಹೋಗುವ ಬದಲು ಮೂಗು ಬಗ್ಗಿಸಿ ಒದ್ದಾಡಿತು. ನೀರು ತಳ್ಳಬೇಕಾದ ಹಿಂದಿನ ರೆಕ್ಕೆಚಕ್ರ ಅರ್ಧ ಮೇಲೆದ್ದು ಬರೀ ನೊರೆ ಕಡೆಯಿತು. ದಡದಲ್ಲಿ ನಿಂತವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಅಕ್ಕನ ಮುಖ ಸಪ್ಪೆಯಾಯಿತು.

"ಮೋಟರಿಗೆ ಶಕ್ತಿ ಸಾಲದೇನೋ," ಅಂದಳು.

ಅಣ್ಣ ಮೊಣಕಾಲುದ್ದ ನೀರಿನಲ್ಲಿ ನಿಂತು ದೋಣಿಯ ಬೆನ್ನು ಸವರುತ್ತಿದ್ದ. "ಶಕ್ತಿ ಸಾಕು. ಹಿಂಭಾರ ಸಾಲದು. ಇಪ್ಪತ್ತೆರಡು ವರ್ಷ ಅಷ್ಟು ತೂಕದ ಎಂಜಿನ್ ಹೊತ್ತು ಇದಕ್ಕೆ ಹಿಂದೆ ವಾಲಿ ನಡೆಯೋ ಅಭ್ಯಾಸ. ಬ್ಯಾಟರಿ ಎಲ್ಲ ಹಿಂದಕ್ಕೆ ತಗೊಂಡು ಬಾ, ತಳದಲ್ಲಿ ಕೂರಿಸು. ರೆಕ್ಕೇನೂ ಇನ್ನಷ್ಟು ಅಗಲ ಮಾಡಿಸು. ನಿಧಾನ ತಿರುಗಲಿ."

ಅಕ್ಕ ಕಣ್ಣರಳಿಸಿ ನೋಡಿದಳು. ಅವತ್ತಿನಿಂದ ಇಬ್ಬರೂ ಸೇರಿ ಕೆಲಸಕ್ಕೆ ಬಿದ್ದರು. ಶೆಡ್ಡಿನ ಗೋಡೆಯೆಲ್ಲ ಸೀಮೆಸುಣ್ಣದ ದೋಣಿಗಳು. ನೀರು ತಾಗದ ಪೆಟ್ಟಿಗೆಯಲ್ಲಿ ಬ್ಯಾಟರಿ ಕೂರಿಸಲು ತಿಳಿದ ಎಂಜಿನಿಯರನ್ನೇ ಕರೆಸಿದರು. ದೋಣಿ ತಪಾಸಣೆಯ ಇನ್ಸ್‌ಪೆಕ್ಟರು ಎರಡು ಸಲ ಬಂದು, ಒಂದು ಸಲ ತಿರಸ್ಕರಿಸಿ, ಇನ್ನೊಂದು ಸಲ ಒಪ್ಪಿ ಸಹಿ ಹಾಕಿದ ಮೇಲೆಯೇ ಜನ ಹತ್ತಿದ್ದು.

ಆ ಮೊದಲ ದಾಟುವಿಕೆಯನ್ನು ಹೇಗೆ ಹೇಳಲಿ?

ಅಣ್ಣ ಒಂದು ಪುಟ್ಟ ಹಿಡಿಕೆ ತಿರುಗಿಸಿದ. ಏನೂ ಆಗಲಿಲ್ಲ ಅಂದುಕೊಂಡೆವು. ನೋಡಿದರೆ ದಡವೇ ಹಿಂದೆ ಹಿಂದೆ ಸರಿಯುತ್ತಿದೆ. ಯಾರೋ ಮಲಗಿದ ಮಗುವನ್ನು ಎತ್ತಿಕೊಂಡು ಹೋದ ಹಾಗೆ ದೋಣಿ ನಮ್ಮನ್ನು ಎತ್ತಿಕೊಂಡು ಹೊರಟಿತ್ತು. ಹಲಗೆಯ ಕೆಳಗೆ ನೀರು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿತ್ತು. ಒಂದು ಹಕ್ಕಿ ಮೇಲೆ ಹಾರಿತು, ಅದರ ರೆಕ್ಕೆಯ ಸದ್ದು ಕೇಳಿತು. ದಿನಾ ಕಿರುಚಿ ಮಾತಾಡುವ ಹೆಂಗಸರು ಮೊದಲು ಕಿರುಚಿದರು, ಆಮೇಲೆ ನಾಚಿಕೆಯಿಂದ ದನಿ ತಗ್ಗಿಸಿದರು, ಕಡೆಗೆ ಸುಮ್ಮನಾದರು. ನಡುಹೊಳೆಯಲ್ಲಿ ನೀರು ಯಾವುದು, ಆಕಾಶ ಯಾವುದು ಅನ್ನುವುದೇ ಮರೆತುಹೋಗುವಷ್ಟು ಎಲ್ಲ ನೀಲಿ. ನಾವೆಲ್ಲ ಒಂದೇ ಕನಸಿನೊಳಗೆ ಕೂತ ಹಾಗಿತ್ತು, ಒಬ್ಬರನ್ನೊಬ್ಬರು ಎಬ್ಬಿಸಲು ಯಾರಿಗೂ ಮನಸ್ಸಿಲ್ಲ.

ಅಣ್ಣ ಅತ್ತಿಗೆಯನ್ನು ಹತ್ತಿರ ಕರೆದ. "ಎಲ್ಲರೂ ಯಾಕೆ ಹೀಗೆ ಕೂತಿದ್ದಾರೆ? ಏನು ಕೇಳಿಸ್ತಿದೆ?"

ಹೋದ ಕಿವಿ ಮೋಟರು ಹಾಕಿದರೆ ಬರುವುದಿಲ್ಲ. ಅತ್ತಿಗೆ ಅವನ ಕಿವಿಯ ಹತ್ತಿರ ಬಾಗಿ ಒಂದೊಂದೇ ಹೇಳಿದಳು. ನೀರು. ಹಕ್ಕಿ. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೀತಿದ್ದಾರೆ. ಅಣ್ಣ ಅವಳು ಹೇಳಿದ ಕಡೆಗೆಲ್ಲ ತಿರುಗಿ ತಿರುಗಿ ನೋಡಿದ. ಆಮೇಲೆ ತನ್ನ ಕೈ ಚಾಚಿ ತೋರಿಸಿದ. "ನೋಡೇ, ನಡುಗ್ತಿಲ್ಲ."

ದಡದಲ್ಲಿ ಬಲೆಯಣ್ಣ ಕಾಯುತ್ತಿದ್ದ. "ಎಲ್ಲಾ ಸರಿ ಕ್ಯಾಪ್ಟನ್. ಇನ್ಮೇಲೆ ನನ್ನ ಕೂಗು ನಿಮ್ಮ ದೋಣೀಲಿರೋರಿಗೆ ಕೇಳುತ್ತೆ. ಆದ್ರೆ ಬೆಕ್ಕಿನ ಹಾಗೆ ಬಂದ್ರೆ ನೀವು ಬಂದಿದ್ದು ನನಗೆ ಹೇಗೆ ತಿಳೀಬೇಕು?"

ಯಾರೂ ಯೋಚಿಸದ ಮಾತು! ಮರುವಾರವೇ ದೋಣಿಯ ಮುಂಭಾಗಕ್ಕೆ ಒಂದು ಗಂಟೆ ಬಂತು. ಮಂಜಿನ ದಿನ ಮುಂದಿನ ಬೆಂಚಿನವರು ಸರದಿಯಂತೆ ಗಂಟೆ ಬಾರಿಸುತ್ತಾರೆ, ನಡುನಡುವೆ ನಿಲ್ಲಿಸಿ ಕಿವಿಗೊಡುತ್ತಾರೆ.

ಎಲ್ಲವೂ ಹೂವಿನ ಹಾದಿ ಅಂತ ಹೇಳಲಾರೆ. ಮಳೆಗಾಲದಲ್ಲಿ ಲೈನ್ ಕರೆಂಟು ಕೈಕೊಟ್ಟ ನಾಲ್ಕು ದಿನ ಟ್ರಿಪ್ ಕಡಿಮೆ ಮಾಡಬೇಕಾಯಿತು. ದಾಟಲು ಮೊದಲಿಗಿಂತ ನಾಲ್ಕು ನಿಮಿಷ ಹೆಚ್ಚು. ಮೊದಲ ವರ್ಷ ಪಾಲುದಾರರಿಗೆ ಹಂಚಲು ಏನೂ ಉಳಿಯಲಿಲ್ಲ. ಅತ್ತಿಗೆ ಅದನ್ನು ದೋಣಿಯಲ್ಲೇ ಎದ್ದು ನಿಂತು ಹೇಳಿದಳು. ಎರಡನೆಯ ವರ್ಷ ಉಳಿಯಿತು. ನನ್ನ ಪಾಲಿಗೆ ಬಂದದ್ದರಲ್ಲಿ ಒಂದು ಒಳ್ಳೆಯ ಕತ್ತರಿ ಕೊಂಡೆ. ಈಗ ಮೇಲಿನ ದೋಣಿಕಟ್ಟೆಯವರು ಬಂದು ಅಣ್ಣನ ಸುತ್ತ ಕೂರುತ್ತಾರೆ. "ಮೋಡ ಬಂದ್ರೆ?" ಅಂತ ಕೇಳುತ್ತಾರೆ. ಅಣ್ಣ ಗಂಭೀರವಾಗಿ, ಇಪ್ಪತ್ತು ವರ್ಷದಿಂದ ಗೊತ್ತಿದ್ದವನ ಹಾಗೆ ಉತ್ತರ ಕೊಡುತ್ತಾನೆ. ವೈಂಡಿಂಗ್ ಅಕ್ಕ ಪಕ್ಕದಲ್ಲಿ ಕೂತು ನಗು ತಡೆದುಕೊಳ್ಳುತ್ತಾಳೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸುತ್ತಲೂ ಹೊಗೆ ಉಗುಳಿ ದುಡಿಯುವ ಯಂತ್ರ ಒಂದಾದರೂ ಇರುತ್ತದೆ. ಹಿಟ್ಟಿನ ಗಿರಣಿ ಇರಬಹುದು, ಪಂಪು ಇರಬಹುದು, ಬೇಕರಿಯ ಒಲೆ ಇರಬಹುದು. ಅದನ್ನು ಬದಲಿಸಬಹುದಾ ಅಂತ ಒಮ್ಮೆ ಕೂತು ಮಾತಾಡಿ. ಒಬ್ಬರಿಂದ ಆಗದ್ದನ್ನು ಹತ್ತು ಜನ ಪಾಲು ಹಾಕಿ ಮಾಡಿ. ಹಾಕುವ ಮುಂಚೆ ಧಾರಾಳವಾಗಿ ಕೇಳಿ: ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ, ಎಷ್ಟು ವರ್ಷ ಬಾಳಿಕೆ, ಯಾರ ತಪಾಸಣೆ ಆಗಿದೆ. ಬರೀ ಲಾಭವನ್ನೇ ಹೇಳುವವರನ್ನು ನಂಬಬೇಡಿ. ಆ ಯಂತ್ರದ ಜೊತೆ ಬಾಳಿದವರನ್ನು ಬಿಟ್ಟು ಹೊಸದನ್ನು ಕಟ್ಟಬೇಡಿ, ಅವರಿಗೆ ಗೊತ್ತಿರುವುದು ಪುಸ್ತಕದಲ್ಲಿ ಇರುವುದಿಲ್ಲ.

ಇನ್ನೂ ಅನುಮಾನವೇ? ನಮ್ಮ ದೋಣಿಗೆ ಬನ್ನಿ. ಕ್ಯಾಪ್ಟನ್ ಪಕ್ಕದ ಬೆಂಚಿನಲ್ಲಿ ಕೂತು ಏನು ಬೇಕಾದರೂ ಕೇಳಿ, ಸ್ವಲ್ಪ ಜೋರಾಗಿ ಕೇಳಿ. ಪ್ರಶ್ನೆಗೆ ಅತ್ತಿಗೆ ಟಿಕೆಟ್ ಹರಿಯುವುದಿಲ್ಲ, ಹೊಳೆ ದಾಟುವುದಕ್ಕೆ ಮಾತ್ರ.