ಏಕಾಂತದ ಅಧ್ಯಾಯ

"ಶ್! ಒಂದು ನಿಮಿಷ," ಎಂದು ಮೇಷ್ಟ್ರು ಕೈ ಎತ್ತಿದರು. ಹೆಂಡತಿ ಕ್ಯಾರಿಯರ್‌ನ ಬಿಸಿ ಡಬ್ಬ ಹಿಡಿದುಕೊಂಡು ಹಾಗೇ ನಿಂತಳು. ಕಿಟಕಿಯಾಚೆ, ಕೆರೆಯ ಕಡೆಯಿಂದ, ಯಾವುದೋ ಹಕ್ಕಿ ಕೂಗುತ್ತಿತ್ತು. ಅದು ಕೂಗಿ ಮುಗಿಸುವವರೆಗೂ ಅವಳ ಬೆರಳುಗಳು ಸುಡುತ್ತಲೇ ಇದ್ದವು.

"ಕೇಳಿಸ್ತಾ?" ಎಂದರು ಮೇಷ್ಟ್ರು, ಹಕ್ಕಿಯನ್ನು ತಾವೇ ಸಾಕಿದವರ ಹಾಗೆ.

"ಕೇಳಿಸ್ತು. ಈಗ ಇದನ್ನ ಕೆಳಗಿಡ್ಲಾ?"

ಮೇಷ್ಟ್ರು ಕಾಲೇಜಿಗೆ ಒಂದು ವರ್ಷ ರಜೆ ಹಾಕಿ, ಊರಾಚೆ ಕೆರೆ ದಂಡೆಯಲ್ಲಿದ್ದ ಹಳೆಯ ಪಂಪ್‌ಹೌಸಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ರೊಮ್ಯಾಂಟಿಕ್ ಪಂಥದ ಕವಿಗಳ ಬಗ್ಗೆ, ಅವರ ಬೆನ್ನಿಗೇ ಸಾಗರದಾಚೆ ಹುಟ್ಟಿಕೊಂಡ, ಪ್ರಕೃತಿಯಲ್ಲೇ ದೇವರನ್ನು ಕಂಡ ಅತೀತವಾದಿಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆಯಬೇಕೆಂಬುದು ಅವರ ಬಹುಕಾಲದ ಆಸೆ. ಊರಿನ ಗದ್ದಲದಲ್ಲಿ ಕೂತು ಪ್ರಕೃತಿಯ ಬಗ್ಗೆ ಬರೆಯುವುದು ಮೋಸ ಎಂದು ಅವರಿಗೆ ಅನ್ನಿಸಿತು, ಬಂದುಬಿಟ್ಟರು. ಆ ಮಟ್ಟಿಗೆ ಪ್ರಾಮಾಣಿಕ ಮನುಷ್ಯ. ಕೋಣೆ ತಾವೇ ಗುಡಿಸುತ್ತಿದ್ದರು, ನೀರು ತಾವೇ ಹೊರುತ್ತಿದ್ದರು. ಊಟ, ಒಗೆದ ಬಟ್ಟೆ, ಸೊಳ್ಳೆಬತ್ತಿ, ಪೆನ್ನಿನ ರೀಫಿಲ್ಲು, ಇಷ್ಟು ಮಾತ್ರ ಮನೆಯಿಂದ ಬರುತ್ತಿತ್ತು. ದಿನಾ ಬೆಳಿಗ್ಗೆ ಹೆಂಡತಿ ಬಸ್ಸಿನ ಡ್ರೈವರ್ ಕೈಯಲ್ಲಿ ಕ್ಯಾರಿಯರ್ ಕೊಟ್ಟು ಕಳಿಸುತ್ತಿದ್ದಳು. ರಜೆಯ ದಿನ ತಾನೇ ಹೊತ್ತು ತರುತ್ತಿದ್ದಳು.

ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ದಿನವಿಡೀ ನಿಂತು ಮಾತ್ರೆ ಕೊಟ್ಟು ಮನೆಗೆ ಬಂದರೆ ಅಲ್ಲಿ ಅತ್ತೆ. ಅತ್ತೆಗೆ ಮರೆವಿನ ಕಾಯಿಲೆ. ಮಗನಿಗೆ ಮದುವೆಯಾಗಿದೆ ಎಂಬುದನ್ನೇ ಮರೆತಿದ್ದರು, ಉಂಡದ್ದನ್ನು ಮರೆಯುತ್ತಿದ್ದರು, ಬಚ್ಚಲು ಎಲ್ಲಿದೆ ಎಂಬುದನ್ನೂ. ಸೊಸೆ ಯಾರೆಂದು ಗೊತ್ತಿಲ್ಲ, ಆದರೆ ಅವಳು ಕಣ್ಣಿಗೆ ಕಾಣದಿದ್ದರೆ ಅಳು. ಅವಳು ಸ್ನಾನಕ್ಕೆಂದು ಬಾಗಿಲು ಹಾಕಿಕೊಂಡರೂ ಹೊರಗಿನಿಂದ ತಟ್ಟುತ್ತಲೇ ಇರುತ್ತಿದ್ದರು. ಅಂಗಡಿಯ ಹೊತ್ತಿಗೆ ನೋಡಿಕೊಳ್ಳಲು ಬರುವ ಹೆಂಗಸಿಗೆ ಇವತ್ತು ರಜೆ. ಪಕ್ಕದ ಮನೆಯಾಕೆಯನ್ನು ಕಾಡಿ ಬೇಡಿ ಅತ್ತೆಯ ಹತ್ತಿರ ಕೂರಿಸಿ ಬಂದಿದ್ದಳು.

"ಏಕಾಂತದ ಅಧ್ಯಾಯ ನಿನ್ನೆ ಮುಗೀತು. ಸ್ವಲ್ಪ ಕೇಳು," ಎಂದು ಮೇಷ್ಟ್ರು ಹಾಳೆಗಳನ್ನು ಎತ್ತಿಕೊಂಡರು.

ಅವರು ಓದಲು ಶುರುಮಾಡಿದರೆ ಅವಳಿಗೆ ತೂಕಡಿಕೆ ಬರುವುದು ಮಾಮೂಲು. ಇವತ್ತು ತೂಕಡಿಕೆಯೂ ಬಾರದಷ್ಟು ಸುಸ್ತು, ಹಾಗಾಗಿ ಕಣ್ಣು ಬಿಟ್ಟುಕೊಂಡೇ ಕೂತಿದ್ದಳು. ಮೇಷ್ಟ್ರು ಓದಿದರು: "ಮನುಷ್ಯ ತನ್ನ ನಿಜವಾದ ಸ್ವರೂಪವನ್ನು ಕಾಣುವುದು ಜನರ ನಡುವೆ ಅಲ್ಲ. ಯಾರೂ ಕರೆಯದ ಕಡೆ, ಯಾರಿಗೂ ಓಗೊಡಬೇಕಾಗಿಲ್ಲದ ಹೊತ್ತಿನಲ್ಲಿ, ಪ್ರಕೃತಿಯ ಎದುರು ಸುಮ್ಮನೆ ಕೂತಾಗ. ಆಗ ಅವನಿಗೆ ಗುರು ಬೇಡ, ಗ್ರಂಥ ಬೇಡ..."

"ಆ ಯಾರೂ ಕರೆಯದ ಕಡೆ ಅನ್ನೋದನ್ನ ಇನ್ನೊಂದು ಸಲ ಓದಿ," ಎಂದಳು.

ಮೇಷ್ಟ್ರು ಹಿಗ್ಗಿಹೋದರು. ಇಷ್ಟು ವರ್ಷದ ಪಾಠದಲ್ಲಿ ಯಾವ ವಿದ್ಯಾರ್ಥಿಯೂ ಹೀಗೆ ಕೇಳಿರಲಿಲ್ಲ. ಧ್ವನಿ ಏರಿಸಿ ಮತ್ತೆ ಓದಿದರು.

"ಇದು ಗಂಡಸರಿಗೆ ಮಾತ್ರಾನಾ?"

"ಛೇ, ಎಂಥ ಮಾತು! ಎಲ್ಲರಿಗೂ."

"ಹಾಗಾದ್ರೆ ಊಟ ಮುಗಿಸ್ಕೊಂಡು ನೀವು ಮನೆಗೆ ಹೋಗಿ. ಸಂಜೆವರೆಗೂ ನಾನಿಲ್ಲಿ ಕೂತಿರ್ತೀನಿ."

ಮೇಷ್ಟ್ರು ನಕ್ಕರು. ಅವಳು ನಗದೇ ಇದ್ದುದನ್ನು ಕಂಡು ನಿಲ್ಲಿಸಿದರು.

"ಅಮ್ಮ ನನ್ನ ಹತ್ರ ಇರಲ್ಲ ಕಣೇ. ನನಗೆ ಅದೆಲ್ಲ ಅಭ್ಯಾಸ ಇಲ್ಲ."

"ನನಗೂ ಇರ್ಲಿಲ್ಲ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಒಂದಿಷ್ಟು ತ್ರಾಣ ಬೇಕಲ್ಲ. "ಜಗಳಕ್ಕೆ ಹೇಳ್ತಿಲ್ಲ ರೀ. ನಿಜವಾಗ್ಲೂ ನನಗೆ ಸಾಕಾಗಿದೆ. ಒಂದೇ ಒಂದು ಮಧ್ಯಾಹ್ನ ಬಿಡಿ ನನ್ನನ್ನ," ಎಂದಳು.

ಮೇಷ್ಟ್ರು ಗೊಣಗುತ್ತಲೇ ಉಂಡು ಹೊರಟರು. "ಮಾತ್ರೆ ಬಾಳೆಹಣ್ಣಲ್ಲಿಟ್ಟು ಕೊಡಿ. ಬಚ್ಚಲಿಗೆ ನೀವೇ ಕರ್ಕೊಂಡ್ಹೋಗಿ, ಅವರು ಕೇಳೋವರೆಗೂ ಕಾಯ್ಬೇಡಿ," ಎಂದು ಅವಳು ಬಾಗಿಲಲ್ಲಿ ನಿಂತು ಹೇಳಿದ್ದಕ್ಕೆ, ಪರೀಕ್ಷೆಗೆ ಓದದೆ ಹೋಗುವ ಹುಡುಗನ ಹಾಗೆ ತಲೆಯಾಡಿಸಿದರು.

ಒಬ್ಬಳೇ ಆದ ಮೇಲೆ ಅವಳು ಮಾಡಿದ ಮೊದಲ ಕೆಲಸ ಡಬ್ಬ ತೊಳೆದದ್ದು. ಆಮೇಲೆ ಹಾಸಿಗೆ ಕೊಡವಿದಳು. ಬಾಗಿಲ ಹಿಂದಿನ ಕೊಳೆ ಬಟ್ಟೆಗೆ ಕೈ ಹಾಕಿದವಳು ತನ್ನನ್ನೇ ಬೈದುಕೊಂಡು, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಸ್ವರೂಪ ಗಿರೂಪ ಏನೂ ಕಾಣಲಿಲ್ಲ. ನೀರು, ಒಂದಿಷ್ಟು ಪಾಚಿ, ದಡಕ್ಕೆ ಬಂದು ಬಿದ್ದ ಹರಿದ ಚಪ್ಪಲಿ. ಆದರೆ ಯಾರೂ ಕರೆಯುತ್ತಿರಲಿಲ್ಲ. ಬಿಗಿಹಿಡಿದಿದ್ದ ಭುಜಗಳು ತಾವಾಗಿಯೇ ಸಡಿಲಾದವು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಗಂಡ ಬರೆದದ್ದು ಸುಳ್ಳಲ್ಲ ಅನ್ನಿಸಿತು. ಕಣ್ಣೆವೆ ಭಾರವಾಗಿ ಇನ್ನೇನು ನಿದ್ದೆ ಹತ್ತಬೇಕು, ಅಷ್ಟರಲ್ಲಿ ಕಾರಿನ ಹಾರ್ನ್ ಕೇಳಿಸಿತು.

ಬಾಡಿಗೆ ಕಾರಿನಿಂದ ಮೇಷ್ಟ್ರು ಇಳಿದರು. ಅಂಗಿಯ ತುಂಬ ಮೆತ್ತಿಕೊಂಡ ಬಾಳೆಹಣ್ಣು. ಹಿಂದಿನಿಂದ ಅಳುತ್ತಾ ಅತ್ತೆ ಇಳಿದರು.

"ಪಕ್ಕದ ಮನೆಯವರು ನಾನು ಹೋದ ತಕ್ಷಣ ಎದ್ದು ಹೊರಟೇಬಿಟ್ರು. ಅಮ್ಮ ನನ್ನನ್ನ ಕಳ್ಳ ಅಂದ್ಲು. ಬೀದಿಗೆ ಕೇಳೋ ಹಾಗೆ ಕೂಗಿದ್ಲು. ನನ್ನ ಕೈಲಾಗ್ಲಿಲ್ಲ ಕಣೇ," ಎಂದರು. ಅವರೂ ಅತ್ತುಬಿಡುವ ಹಾಗಿದ್ದರು. ಅವಳಿಗೆ ಅವರ ಮೇಲೆ ಕನಿಕರವೂ ಆಯಿತು, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕು ಅಂತಲೂ ಅನ್ನಿಸಿತು.

ಅತ್ತೆ ಸೊಸೆಯನ್ನು ಕಂಡು ಅಳು ನಿಲ್ಲಿಸಿದರು. ಆಮೇಲೆ ಕೆರೆಯನ್ನು ಕಂಡರು. ಬಾಯಿ ತೆರೆದುಕೊಂಡು ನೋಡುತ್ತ, "ಅಬ್ಬಾ! ಇದನ್ನ ಯಾರು ಇಲ್ಲಿ ಹಾಸಿದ್ದು?" ಎಂದರು.

ಮೇಷ್ಟ್ರ ಮುಖ ಅರಳಿತು. "ಕೇಳಿದ್ಯಾ? ಮೊದಲ ಸಲ ನೋಡೋ ಕಣ್ಣು ಅಂದ್ರೆ ಇದು! ಆ ಕವಿಗಳೆಲ್ಲ ಒದ್ದಾಡಿದ್ದು ಇದಕ್ಕೇ!" ಎನ್ನುತ್ತಾ ಪೆನ್ನಿಗಾಗಿ ಒಳಗೆ ಓಡಿದರು.

ಅತ್ತೆ ನೇರವಾಗಿ ನೀರಿಗೆ ನಡೆದರು. ಅವಳು ಎದ್ದು ಓಡಿ, ಮೊಣಕಾಲುದ್ದ ನೀರಿನಲ್ಲಿ ಅವರ ರಟ್ಟೆ ಹಿಡಿದಳು.

"ರೀ!"

"ಬಂದೆ, ಒಂದೇ ನಿಮಿಷ! ಈ ಸಾಲು ಮರೆತುಹೋಗತ್ತೆ!"

ಅವಳು ಅತ್ತೆಯನ್ನು ಮೆಲ್ಲಗೆ ದಡ ಹತ್ತಿಸಿ ಕೋಣೆಗೆ ಕರೆತಂದಳು. ಗಂಡನ ಬೆರಳುಗಳಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟಳು. ಆ ಕೈಯಲ್ಲಿ ಅತ್ತೆಯ ಒದ್ದೆ ಕೈಯನ್ನು ಇಟ್ಟಳು.

"ಹಿಡ್ಕೊಳ್ಳಿ."

"ಅಳ್ತಾಳೆ ಕಣೇ..."

"ನಾನು ಅವರ ಕಣ್ಣಿಗೆ ಕಾಣೋ ಹಾಗೇ ಇರ್ತೀನಿ. ಎಲ್ಲೂ ಹೋಗಲ್ಲ."

ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. "ಎಲ್ಲಿಗೆ ಮೇಡಂ?" ಎಂದ ಡ್ರೈವರ್.

"ಎಲ್ಲಿಗೂ ಇಲ್ಲಪ್ಪ. ಸ್ವಲ್ಪ ಹೊತ್ತು ಹೀಗೇ ಇರ್ಲಿ."

ಅವನು ಇಳಿದು ಮರದ ಕಡೆ ಹೋದ. ಅವಳು ಒದ್ದೆ ಚಪ್ಪಲಿ ಕಳಚಿ, ಕಾಲು ಸೀಟಿನ ಮೇಲೆ ಎಳೆದುಕೊಂಡು, ಅರ್ಧ ಇಳಿಸಿದ್ದ ಗಾಜಿಗೆ ತಲೆ ಆನಿಸಿದಳು. ತಾಯಿ ಮಗ ಕೋಣೆಯಿಂದ ಹೊರಬಂದು ದಡದಲ್ಲಿ ಕೈ ಹಿಡಿದುಕೊಂಡು ನಿಂತಿದ್ದರು. ಅತ್ತೆ ಒಮ್ಮೆ ತಿರುಗಿ ಕಾರನ್ನು ನೋಡಿ, ಮತ್ತೆ ನೀರಿನ ಕಡೆ ತಿರುಗಿದರು.

"ಇದೇನು?"

"ಕೆರೆ ಅಮ್ಮ. ನೋಡು, ಬಿಸಿಲು ಬಿದ್ದು ಅಲೆ ಹೇಗೆ ಹೊಳೀತಾ ಇದೆ..."

"ಇದೇನು?"

"ಕೆರೆ. ನೀರು."

"ಇದೇನು?"

"ನೀರು, ಅಮ್ಮ."

ಮುಂದಿನ ಪ್ರಶ್ನೆ ಅವಳಿಗೆ ಕೇಳಿಸಲಿಲ್ಲ.